ಕೆನ್ನೆಕುಳಿ ಸವೆದ ವರ್ಷ

ನಾಣ್ಯದ ಮೇಲೆ ಗೆರೆಯೊಂದು ಕಂಡರೆ ಮೊದಲು ಉಗುರಿನಿಂದ ತಡವಿ ನೋಡಬೇಕು. ಉಗುರು ತಗ್ಗಿಗೆ ಇಳಿದರೆ ಅದು ಗೀರು. ಯಾರದೋ ಬೀಗದ ಕೈ ತಾಗಿದೆ, ಇಲ್ಲವೇ ಮಕ್ಕಳು ಗೋಡೆಗೆ ಉಜ್ಜಿದ್ದಾರೆ. ಉಗುರು ಏರಿದರೆ ಅದು ಬಿರುಕು. ಬಿರುಕು ಬಿಟ್ಟಿರುವುದು ನಾಣ್ಯವಲ್ಲ, ಅದನ್ನು ಹೊಡೆದ ಅಚ್ಚು. ಅಚ್ಚಿನ ಸೀಳಿನೊಳಗೆ ಲೋಹ ನುಗ್ಗಿ ನಾಣ್ಯದ ಮೇಲೆ ಉಬ್ಬಿ ನಿಂತಿರುತ್ತದೆ. ಇಷ್ಟು ಸಣ್ಣ ವಿಷಯವನ್ನು ನಮ್ಮ ಊರಿನವರಿಗೆ ಇಪ್ಪತ್ತಾರು ವರ್ಷ ಹೇಳಿದ್ದೇನೆ. ಆದರೂ ದಿನಕ್ಕೆ ನಾಲ್ಕು ಮಂದಿ ಜೇಬಿನ ಚಿಲ್ಲರೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದು, "ಗೌರಕ್ಕ, ಇದು ಗೀರೋ ಬಿರುಕೋ ನೋಡಿ" ಎಂದು ನಿಲ್ಲುತ್ತಿದ್ದರು. ಕೇಳುವುದರಲ್ಲಿ ತಪ್ಪಿರಲಿಲ್ಲ. ಗೀರಾದರೆ ಯಾರಿಗೂ ಏನೂ ಆಗುವುದಿಲ್ಲ. ಬಿರುಕಾದರೆ ಆ ವರ್ಷದವರ ಮುಖ ನೋಡಿ ಮಾತಾಡುವಾಗ ಸ್ವಲ್ಪ ಹುಷಾರಾಗಿರಬೇಕಾಗುತ್ತದೆ.

ನಮ್ಮ ಊರಿನ ಒಂದು ರೂಪಾಯಿಯ ಮೇಲೆ ವರ್ಷಕ್ಕೊಬ್ಬರ ಮುಖ ಬರುತ್ತದೆ. ಅಧಿಕಾರದಲ್ಲಿರುವವರದಲ್ಲ, ಸತ್ತುಹೋದ ದೊಡ್ಡವರದೂ ಅಲ್ಲ. ನಲವತ್ತು ದಾಟಿದ ಯಾರದಾದರೂ ಸರಿ, ಚೀಟಿ ಎತ್ತಿ ಆರಿಸುತ್ತಾರೆ. ಆ ವರ್ಷ ಪೂರ್ತಿ ಅವರು ನಾಣ್ಯದಲ್ಲಿ ಹೇಗಿದ್ದಾರೋ ಊರಿನ ಕಣ್ಣಿಗೂ ಹಾಗೇ ಕಾಣುತ್ತಾರೆ. ಕ್ಷೌರದ ರಾಚಪ್ಪನ ವರ್ಷದಲ್ಲಿ ಯಂತ್ರಕ್ಕೆ ಲೋಹದ ಬಿಲ್ಲೆ ಬೀಳದೆ ಮೇಲಿನ ಅಚ್ಚೂ ಕೆಳಗಿನ ಅಚ್ಚೂ ಒಂದಕ್ಕೊಂದು ಬಡಿದುಕೊಂಡವು. ಹಿಂಬದಿಯಲ್ಲಿರಬೇಕಾದ ರಾಗಿ ತೆನೆ ಅವನ ಕೆನ್ನೆಯ ಮೇಲೆ ತೆಳುವಾಗಿ ಮೂಡಿತು. ಅವನ ಹೆಂಡತಿ ಮೂರು ದಿನ ಒದ್ದೆ ಬಟ್ಟೆ ಹಿಡಿದುಕೊಂಡು ಅವನ ಹಿಂದೆ ಓಡಾಡಿದಳು. ರಾಚಪ್ಪ ಮಾತ್ರ ಕನ್ನಡಿ ನೋಡಿ, "ಎಲ್ಲಿದೆಯೇ ತೆನೆ? ನಿನ್ನ ತಲೆ!" ಎಂದು ರೇಗುತ್ತಿದ್ದ. ನಾಣ್ಯದ ಮೇಲಿರುವವರ ಕಣ್ಣಿಗೆ ಅದು ಕಾಣುವುದಿಲ್ಲ. ಸೂಲಗಿತ್ತಿ ತೋಪಮ್ಮನ ವರ್ಷದಲ್ಲಿ ಅಚ್ಚಿನ ಸಂದಿಗೆ ಎಣ್ಣೆಜಿಡ್ಡು ಮೆತ್ತಿಕೊಂಡು ಒಂದು ಕಿವಿಯೇ ಮೂಡಲಿಲ್ಲ. ನಾಲ್ಕು ದಿನ ಇಡೀ ಊರು ಅವಳ ಜೊತೆ ಕೂಗಿ ಕೂಗಿ ಮಾತಾಡಿತು. ಅಚ್ಚು ಒರೆಸಿದ ಮೇಲೆ ಕಿವಿ ಬಂತು, ಕೂಗುವ ಅಭ್ಯಾಸ ಹೋಗಲು ಮತ್ತೊಂದು ವಾರ ಬೇಕಾಯಿತು.

ಇವನ್ನೆಲ್ಲ ಮೊದಲೇ ಹಿಡಿಯುವುದು ಟಂಕಸಾಲೆಯಲ್ಲಿ ನನ್ನ ಕೆಲಸ. ಪ್ರತಿ ದಿನ ಯಂತ್ರದಿಂದ ಬಿದ್ದ ನಾಣ್ಯಗಳಲ್ಲಿ ಒಂದು ಹಿಡಿ ತೆಗೆದು, ಭೂತಗನ್ನಡಿಯಲ್ಲಿ ನೋಡಿ, ಪುಸ್ತಕದಲ್ಲಿ 'ನಡೆಯುತ್ತದೆ' ಎಂದೋ 'ಬದಲಿಸಿ' ಎಂದೋ ಬರೆಯಬೇಕು. ಬರೆದದ್ದರ ಕೆಳಗೆ ಮೇಲ್ವಿಚಾರಕ ಪುಟ್ಟಮಾದಯ್ಯನವರು ಕಣ್ಣು ಮುಚ್ಚಿಕೊಂಡು ರುಜು ಹಾಕುತ್ತಾರೆ. ಬಿರುಕು, ಜೋಡಿ ಹೊಡೆತ, ಅಂಚು ಕತ್ತರಿಸಿದ ಬಿಲ್ಲೆ, ಇವು ಯಾರಿಗಾದರೂ ಕಂಡಾವು. ಕಷ್ಟವಿರುವುದು ಸವೆತದಲ್ಲಿ. ಜೇಬಿನಿಂದ ಜೇಬಿಗೆ ತಿರುಗಿ ಸವೆದ ನಾಣ್ಯ ಮಂಕಾಗಿರುತ್ತದೆ, ಮೂಗಿನ ತುದಿ, ಹುಬ್ಬಿನ ಏಣು ಮೊದಲು ಚಪ್ಪಟೆಯಾಗುತ್ತವೆ. ಅಚ್ಚೇ ಸವೆದಿದ್ದರೆ ನಾಣ್ಯ ಹೊಚ್ಚ ಹೊಸದು, ಥಳಥಳ ಹೊಳೆಯುತ್ತದೆ, ಆದರೆ ಅಕ್ಷರಗಳು ಅಂಚಿನ ಕಡೆಗೆ ಕರಗಿ ಹರಿದಂತಿರುತ್ತವೆ, ಮುಖ ಮೆತ್ತಗಾಗಿರುತ್ತದೆ. ಜೇಬಿನ ಸವೆತದಿಂದ ನಾಣ್ಯದವರಿಗೆ ಏನೂ ಆಗುವುದಿಲ್ಲ. ಅಚ್ಚಿನ ಸವೆತದಿಂದ ಆಗುತ್ತದೆ. ಅದಕ್ಕೇ ವರ್ಷದ ಕೊನೆಯ ತಿಂಗಳಿಗೆ ಕಡ್ಡಾಯವಾಗಿ ಹೊಸ ಅಚ್ಚು ಹಾಕಿಸುವ ಪದ್ಧತಿ. ಕೊನೆಯ ದಿನ ಸಂಜೆ ಐದಕ್ಕೆ ಅಚ್ಚನ್ನು ಸುತ್ತಿಗೆಯಿಂದ ಒಡೆಯುತ್ತಾರೆ. ಆ ಹೊತ್ತಿಗೆ ಮುಖ ಹೇಗಿರುತ್ತದೋ ಸಾಯುವ ತನಕ ಹಾಗೇ. ಹಿಂದೊಮ್ಮೆ ಅದನ್ನು ಮರೆತು ಗಾಣದ ತಿಪ್ಪಯ್ಯನ ಹಣೆಗೆ ಬಿರುಕು ಉಳಿದುಹೋಗಿ, ಈಗಲೂ ಊರು ಅವನನ್ನು ಗೆರೆ ತಿಪ್ಪಯ್ಯ ಎಂದೇ ಕರೆಯುತ್ತದೆ.

ನನಗೆ ನಲವತ್ತು ತುಂಬಿದ ದಿನದಿಂದ ನಾನೂ ಚೀಟಿ ಹಾಕುತ್ತ ಬಂದೆ. ಹನ್ನೆರಡು ವರ್ಷ, ಹನ್ನೆರಡು ಚೀಟಿ. ಹನ್ನೆರಡನೆಯ ವರ್ಷ ಬಂದದ್ದು ನನ್ನ ತಂಗಿಯ ಹೆಸರು. ಅವಳು ಚೀಟಿಯನ್ನೂ ಹಾಕಿರಲಿಲ್ಲ. ಅವಳ ಗಂಡ, ಸಿಟಿ ಬಸ್ಸಿನ ಕಂಡಕ್ಟರ್ ಮುದ್ದಯ್ಯ, ತಮಾಷೆಗೆ ಬರೆದು ಹಾಕಿದ್ದನಂತೆ. ತಮಾಷೆಗೆ! ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

ಅವಳ ಹೆಸರು ಚೆಲುವಾಂಬೆ, ನನ್ನದು ಮರಿಗೌರಮ್ಮ. ಅಲ್ಲಿಂದಲೇ ಶುರು. ನನಗಿಂತ ಎರಡು ವರ್ಷ ಚಿಕ್ಕವಳು. ನಮ್ಮಿಬ್ಬರ ಮುಖ ಒಂದೇ. ಅದೇ ಹಣೆ, ಅದೇ ಗಲ್ಲ, ಅದೇ ಅಗಲ ಕೆನ್ನೆ. ಆದರೆ ದೇವರು ಅವಳ ಎಡಗೆನ್ನೆಗೆ ಒಂದು ಕುಳಿ ಇಟ್ಟ, ಮೂಗಿನ ತುದಿಯನ್ನು ಸ್ವಲ್ಪ ಚೂಪು ಮಾಡಿದ, ಕಿವಿಯ ಹತ್ತಿರ ಒಂದು ಸುರುಳಿ ಕೂದಲು ಬಿಟ್ಟ. ದೇವರು ಮಾಡಿದ ವ್ಯತ್ಯಾಸ ಇಷ್ಟೇ. ಇಷ್ಟಕ್ಕೇ ಹೂವಿನವಳು ಅವಳಿಗೆ ಒಂದು ಮೊಳ ಕೊಸರು ಹಾಕುತ್ತಿದ್ದಳು, ನನಗೆ ಅಳತೆ ಕೋಲು ತೆಗೆಯುತ್ತಿದ್ದಳು. ಹೊಸಬರು ಸಿಕ್ಕರೆ ನನ್ನನ್ನು ಪರಿಚಯಿಸುತ್ತಿದ್ದದ್ದು 'ಚೆಲುವಿಯ ಅಕ್ಕ' ಎಂದು. ನನಗೆ ಮದುವೆ ಕೂಡಿ ಬರಲಿಲ್ಲ. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವಳು ನಕ್ಕರೆ ನನ್ನ ಅಡುಗೆಮನೆಗೆ ಕೇಳುತ್ತಿತ್ತು. ಅವಳು ಕೆಟ್ಟವಳಾಗಿದ್ದರೆ ಎಷ್ಟೋ ವಾಸಿಯಿತ್ತು. ಒಬ್ಬಟ್ಟು ಮಾಡಿದರೆ ಮೊದಲ ಬಿಸಿ ಒಬ್ಬಟ್ಟು ನನಗೇ ತಂದು ಕೊಡುತ್ತಿದ್ದಳು. ತಿನ್ನುತ್ತಲೇ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಅಚ್ಚಿಗೆ ಮುಖ ಕೊರೆಯುವವರು ಗುರುಪಾದಪ್ಪನವರು. ಆ ವರ್ಷ ಚೆಲುವಿಗೆ ಜ್ವರ ಬಂದು ಎಂಟು ದಿನ ಏಳಲಾಗಲಿಲ್ಲ. ಗುರುಪಾದಪ್ಪನವರು ನನ್ನನ್ನು ಕರೆದು, "ನೀವೇ ಸ್ವಲ್ಪ ಕೂತ್ಕೊಳಿ ತಾಯಿ. ನಿಮ್ಮ ತಂಗಿಯವರು ಬರೋ ತನಕ ಅಂದಾಜಿಗೆ ಮಣ್ಣಲ್ಲಿ ಒಂದು ಮಾಡ್ಕೋತೀನಿ" ಎಂದರು. ಎಂಟು ದಿನ ಊಟದ ಹೊತ್ತಿನಲ್ಲಿ ಅವರ ಮುಂದೆ ಸ್ಟೂಲಿನ ಮೇಲೆ ಕುಳಿತೆ. ನನ್ನ ಮುಖವನ್ನು ಯಾರಾದರೂ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಒಂಬತ್ತನೆಯ ದಿನ ಚೆಲುವಿ ಬಂದಳು. ನಾನು ಎದ್ದು ಜಾಗ ಬಿಟ್ಟೆ. ಆ ಮಣ್ಣನ್ನು ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ, "ಕಲಸಿಬಿಟ್ಟೆ ತಾಯಿ" ಎಂದರು.

ಮೊದಲ ದಿನದ ನಾಣ್ಯವನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದೆ. ಕುಳಿ ಅಚ್ಚುಕಟ್ಟಾಗಿತ್ತು, ಸುರುಳಿ ಕೂದಲಿನ ಒಂದೊಂದು ಎಳೆಯೂ ಬಿಡಿಬಿಡಿಯಾಗಿತ್ತು. ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. 'ನಡೆಯುತ್ತದೆ' ಎಂದು ಬರೆದೆ.

ಆಮೇಲಿನದು ಅವಳ ದರ್ಬಾರು. ಬಸ್ಸಿನಲ್ಲಿ ಜನ ಟಿಕೇಟಿಗೆ ಕಾಸು ಕೊಡುವಾಗ, "ತಗೊಳಿ ಕಂಡಕ್ಟರೇ, ನಿಮ್ಮ ಮನೆಯವರನ್ನೇ ನಿಮಗೆ ಕೊಡ್ತಿದೀವಿ" ಎನ್ನುತ್ತಿದ್ದರು. ಮುದ್ದಯ್ಯ ಅದನ್ನು ಸಂಜೆ ಮನೆಗೆ ಬಂದು ಗಟ್ಟಿಯಾಗಿ ಹೇಳುತ್ತಿದ್ದ, ಅವಳು ನಗುತ್ತಿದ್ದಳು, ಗೋಡೆಯ ಈಚೆ ನಾನು ಸೊಪ್ಪು ಬಿಡಿಸುತ್ತಿದ್ದೆ. ಮೊದಲ ಹೊಡೆತದ ಒಂದು ನಾಣ್ಯವನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಹಾಗೆ ಇಟ್ಟುಕೊಳ್ಳುವುದು ನಾಣ್ಯದವರ ವಾಡಿಕೆ. ನನಗೆ ಆ ಗಂಟನ್ನು ಕಂಡರೂ ಆಗುತ್ತಿರಲಿಲ್ಲ.

ಐದನೆಯ ತಿಂಗಳಿನಲ್ಲಿ ಒಂದು ದಿನ, ಕುಳಿಯ ಅಂಚು ಸ್ವಲ್ಪ ಮೆತ್ತಗಾಗಿರುವುದು ಕಂಡಿತು. ಅಚ್ಚು ಸುಸ್ತಾಗಿತ್ತು. 'ಬದಲಿಸಿ' ಎಂದು ಬರೆಯಬೇಕು, ಒಂದು ಪದದ ಕೆಲಸ. ಪೆನ್ನು ಎತ್ತಿಕೊಂಡೆ. ಹೊರಗೆ ಯಾರೋ, "ಚೆಲುವಮ್ಮನ ರೂಪಾಯಿ ಬಂತಾ?" ಎಂದು ಕೂಗಿದರು. ನಾನು 'ನಡೆಯುತ್ತದೆ' ಎಂದು ಬರೆದೆ. ನಾಳೆ ಬದಲಿಸಿದರಾಯಿತು ಎಂದುಕೊಂಡೆ. ನಾಳೆಯೂ ಅದನ್ನೇ ಬರೆದೆ.

ಎರಡು ತಿಂಗಳಲ್ಲಿ ಕುಳಿ ಹೋಯಿತು. ಆಮೇಲೆ ಸುರುಳಿ ಕೂದಲು ಒಂದು ಉಂಡೆಯಾಗಿ, ಅದೂ ಕಿವಿಯಲ್ಲಿ ಸೇರಿಹೋಯಿತು. ಮೂಗಿನ ತುದಿ ದುಂಡಗಾಯಿತು. ಮೇಲಿಂದ ಇಟ್ಟದ್ದೆಲ್ಲ ಮೊದಲು ಕರಗಿತು, ಕೆಳಗಿನ ಮುಖ ಗಟ್ಟಿಯಾಗಿ ಉಳಿಯಿತು. ಆ ಮುಖ ನನ್ನದರ ಹಾಗೇ ಇತ್ತು. ಅಕ್ಕತಂಗಿಯರಲ್ಲವೇ, ಇರುತ್ತದೆ ಎಂದುಕೊಂಡೆ. ವಿಚಿತ್ರವೆಂದರೆ ಎದುರಿಗೆ ಬಂದಾಗ ಚೆಲುವಿಯ ಕೆನ್ನೆಯಲ್ಲಿ ಕುಳಿ ನನಗೆ ಮೊದಲಿನ ಹಾಗೇ ಕಾಣುತ್ತಿತ್ತು. ಇಡೀ ಊರಿಗೆ ಕಾಣದ್ದು ನನಗೊಬ್ಬಳಿಗೆ ಯಾಕೆ ಕಾಣುತ್ತದೆ ಎಂದು ಯೋಚಿಸಿ, ಇಷ್ಟು ವರ್ಷ ಹೊಟ್ಟೆಕಿಚ್ಚಿನಿಂದ ನೋಡಿ ನೋಡಿ ಕಣ್ಣಿಗೆ ಅಂಟಿಕೊಂಡಿದೆ ಎಂದು ತೀರ್ಮಾನಿಸಿದೆ.

ಹೂವಿನವಳು ಒಂದು ಸಂಜೆ ನನ್ನನ್ನು ತಡೆದು, "ಕಾಸಿನ ಮೇಲಿರೋದು ನೀವೇ ಅಲ್ವಾ ಗೌರಕ್ಕ? ಇಷ್ಟು ದಿನ ನಮಗೆ ಹೊಳೀಲೇ ಇಲ್ಲ ನೋಡಿ" ಎಂದು ಒಂದು ಮೊಳ ಕೊಸರು ಹಾಕಿದಳು. ನಾನು ಅಲ್ಲ ಎನ್ನಲಿಲ್ಲ. ಮಲ್ಲಿಗೆ ಮುಡಿದು ಪೇಟೆಯ ಉದ್ದಕ್ಕೂ ನಡೆದೆ. ಅಂಗಡಿಯವರು ನಾಣ್ಯ ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು, ನಗುತ್ತಿದ್ದರು. ಇದೇ ಪೇಟೆಯಲ್ಲಿ ಚೆಲುವಿಯನ್ನು ಕಂಡವರು, "ಏನ್ ಗೌರಕ್ಕ, ಟಂಕಸಾಲೆಗೆ ರಜವಾ?" ಎಂದು ಕೇಳಿದರಂತೆ. ಅಂಥ ಸುಖವನ್ನು ನಾನು ಜನ್ಮದಲ್ಲಿ ಉಂಡಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ರಾತ್ರಿ ನನಗೆ ಸೊಗಸಾದ ನಿದ್ದೆ ಬಂತು.

ಚೆಲುವಿ ಬಂದಳು. ಹಿತ್ತಿಲ ಬಾಗಿಲಲ್ಲಿ ನಿಂತು ಸೆರಗಿನ ಗಂಟನ್ನು ತಿರುವುತ್ತ, "ಅಕ್ಕ, ಇವ್ರು ನಿನ್ನೆ ನನ್ನನ್ನೇ ಅತ್ತಿಗೆ ಅಂತ ಕರೆದ್ರು. ಆಮೇಲೆ ನಗಾಡಿದ್ರು, ಆದ್ರೆ ಮೊದ್ಲು ನಿಜವಾಗ್ಲೂ ಗೊತ್ತಾಗ್ಲಿಲ್ಲ ಅವ್ರಿಗೆ. ಅಚ್ಚು ಸವೆದಿದೆಯೇನೋ ನೋಡೇ" ಎಂದಳು.

"ಅಚ್ಚಿಗೇನಾಗಿದೆ? ಜೇಬಲ್ಲಿ ಸವೆದಿರೋ ಕಾಸು ನೋಡಿರ್ತಾರೆ."

"ಇಲ್ಲ ಕಣೆ, ಹೊಸ ಕಟ್ಟು ಒಡೆದು ನೋಡಿದ್ರಂತೆ. ಥಳಥಳ ಅಂತಿದೆ, ಮುಖ ಮಾತ್ರ ಮೆತ್ತಗಿದೆ ಅಂದ್ರು."

ಮುದ್ದಯ್ಯ ಚೀಲದ ತುಂಬ ಕಾಸು ಎಣಿಸುವವನು, ಅವನ ಕಣ್ಣು ಸರಿಯಾಗೇ ಇತ್ತು. ನಾನು ಇಪ್ಪತ್ತಾರು ವರ್ಷದ ಅನುಭವದ ದನಿಯಲ್ಲಿ, "ಕಂಡಕ್ಟರಿಗೆ ಗೊತ್ತಾ, ಪರೀಕ್ಷೆ ಮಾಡೋಳಿಗೆ ಗೊತ್ತಾ?" ಎಂದೆ. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಸೆರಗಿನ ಗಂಟನ್ನು ಅರ್ಧ ಬಿಚ್ಚಿ, ಮತ್ತೆ ಬಿಗಿದುಕೊಂಡಳು. "ನೀನು ಹೇಳಿದ್ಮೇಲೆ ಸರಿ ಬಿಡು" ಎಂದು ಹೋದಳು.

ಕೊನೆಯ ತಿಂಗಳು ಬಂದಾಗ ಪುಟ್ಟಮಾದಯ್ಯನವರು, "ಪದ್ಧತಿ ಪ್ರಕಾರ ಹೊಸ ಅಚ್ಚು ಹಾಕ್ಸೋಣ್ವಾ ಗೌರಕ್ಕ?" ಎಂದು ಕೇಳಿದರು. "ಇದೇ ಚೆನ್ನಾಗಿದೆಯಲ್ಲ ಸಾರ್, ಯಾಕೆ ಸುಮ್ನೆ ಉಕ್ಕು ದಂಡ" ಎಂದೆ. ಒಂದೇ ಅಚ್ಚಿನಲ್ಲಿ ವರ್ಷ ಕಳೆದ ಹೆಮ್ಮೆ ಅವರಿಗೆ. ಈ ಮುಖದಲ್ಲೇ ವರ್ಷ ಮುಗಿದರೆ ಸಾಯುವ ತನಕ ನಾಣ್ಯದವಳು ನಾನೇ ಎಂಬ ಆಸೆ ನನಗೆ. ಚೆಲುವಿ ಸಾಯುವ ತನಕ ಗೌರಕ್ಕನ ಹಾಗೆ ಬಾಳಲಿ, ಅದರ ರುಚಿ ಅವಳೂ ನೋಡಲಿ ಎಂದುಕೊಂಡೆ.

ಅಚ್ಚು ಅಲ್ಲಿಗೇ ನಿಲ್ಲುತ್ತದೆಯೇ? ಕುಳಿ ತಿಂದಿತು, ಮೂಗು ತಿಂದಿತು, ಮುಂದೆ ತಿನ್ನಲು ಉಳಿದದ್ದು ಕೆಳಗಿನ ಮುಖ. ಕೊನೆಯ ವಾರ ಕಣ್ಣಿನ ಗುಳಿ ತುಂಬಿತು, ತುಟಿಯ ಗೆರೆ ಅಳಿಸಿತು. ನಾನು ಪೆನ್ನು ಹಿಡಿದು ಕುಳಿತವಳು, ಇನ್ನೆರಡು ದಿನ ನೋಡೋಣ ಎಂದುಕೊಂಡೆ. ಕೊನೆಯ ದಿನ ಬೆಳಿಗ್ಗೆ ಹೂವಿನವಳ ಮುಂದೆ ನಿಂತರೆ ಅವಳು ಅಳತೆ ಕೋಲು ತೆಗೆದು, "ಯಾವ ಊರಮ್ಮ ನಿಮ್ದು?" ಎಂದಳು.

ನಗುತ್ತಾಳೇನೋ ಎಂದು ಕಾದೆ. ನಗಲಿಲ್ಲ. ಪಕ್ಕದ ಅಂಗಡಿಯವನಿಗೂ ನನ್ನ ಗುರುತಿರಲಿಲ್ಲ. ಚೆಲುವಿಯದು ಹೋಗುವುದು ಸರಿ, ನಾಣ್ಯದ ಮೇಲಿದ್ದವಳು ಅವಳು. ನನಗೇಕೆ? ಟಂಕಸಾಲೆಗೆ ಓಡಿದೆ. ಹೊಸ ಅಚ್ಚು ಕಪಾಟಿನಲ್ಲಿ ಸಿದ್ಧವಾಗಿಯೇ ಇತ್ತು. 'ಬದಲಿಸಿ' ಎಂದು ಬರೆದರೆ ಅರ್ಧ ಗಂಟೆಯ ಕೆಲಸ. ಗೇಟಿನಲ್ಲಿ ಕಾವಲಿನ ಸಣ್ಣೀರ ಕೋಲು ಅಡ್ಡ ಹಿಡಿದ.

"ಯಾರ್ ಬೇಕಿತ್ತಮ್ಮ?"

"ಸಣ್ಣೀರ, ನಾನು ಕಣೋ, ಗೌರಕ್ಕ."

ಅವನು ನನ್ನ ಪಾಸಿನ ಚಿತ್ರ ನೋಡಿದ, ನನ್ನನ್ನು ನೋಡಿದ, ಪಾಸನ್ನು ತನ್ನ ಜೇಬಿಗೆ ಹಾಕಿಕೊಂಡ. "ಗೌರಕ್ಕನ ಪಾಸು ನಿಮಗೆಲ್ಲಿ ಸಿಕ್ತು? ಅವ್ರು ಬಂದ್ರೆ ನಾನೇ ಕೊಡ್ತೀನಿ."

ಚೀಟಿ ಬರೆದುಕೊಟ್ಟೆ: ಅಚ್ಚು ಸವೆದಿದೆ, ಐದು ಗಂಟೆಯೊಳಗೆ ಬದಲಿಸಿ. ಅವನು ಒಳಗೆ ಹೋಗಿ ಬಂದು, "ಸಾಹೇಬ್ರು ಬೈದ್ರು. ಗೌರಕ್ಕ ನಿನ್ನೆ ತನಕ ನಡೆಯುತ್ತೆ ಅಂತ ಬರೆದವ್ರೆ, ಅವ್ರು ಹೇಳಿದ್ಮೇಲೆ ಮುಗೀತು. ದಾರೀಲಿ ಹೋಗೋರ ಚೀಟಿಗೆಲ್ಲ ಅಚ್ಚು ಬದಲಾಯ್ಸೋಕಾಗಲ್ಲ ಅಂದ್ರು" ಎಂದ. ಗೌರಕ್ಕನ ಮಾತಿಗೆ ಅಷ್ಟು ಬೆಲೆಯಿದೆ ಎಂದು ನನಗೆ ಗೊತ್ತಾದದ್ದು ಆಗ.

ಗೇಟಿನ ಪಕ್ಕದ ಕಲ್ಲುಕಟ್ಟೆಯ ಮೇಲೆ ಚೆಲುವಿ ಆಗಲೇ ಕುಳಿತಿದ್ದಳು. ಅವಳ ಕುಳಿ, ಅವಳ ಸುರುಳಿ ಕೂದಲು, ಎಲ್ಲ ಇದ್ದ ಹಾಗೇ ಇತ್ತು. ಕಣ್ಣು ಅತ್ತು ಕೆಂಪಾಗಿತ್ತು. ನನ್ನನ್ನು ಕಂಡವಳೇ, "ಅಕ್ಕ" ಎಂದಳು. ಬೆಳಿಗ್ಗೆಯಿಂದ ನನ್ನನ್ನು ಗುರುತಿಸಿ ಕರೆದವಳು ಅವಳೊಬ್ಬಳೇ.

"ಇವ್ರು ನನ್ನನ್ನ ಮನೆ ಒಳಗೆ ಬಿಡ್ಲಿಲ್ಲ ಕಣೆ. ನಮ್ಮನೆಯವ್ರು ಇಲ್ಲ, ಆಮೇಲೆ ಬನ್ನಿ ಅಂದ್ರು. ಎಷ್ಟು ಮರ್ಯಾದೆಯಾಗಿ ಮಾತಾಡಿದ್ರು ಗೊತ್ತಾ!" ಎಂದು ಮತ್ತೆ ಅತ್ತಳು.

ನಾನು ಅವಳ ಪಕ್ಕ ಕುಳಿತು ಎಲ್ಲ ಹೇಳಿಬಿಟ್ಟೆ. ಐದನೆಯ ತಿಂಗಳಿನಿಂದ ಸುಳ್ಳು ಬರೆದದ್ದು, ಹೂವಿನವಳ ಕೊಸರು, ಅವಳು ಹಿತ್ತಿಲಲ್ಲಿ ನಿಂತು ಕೇಳಿದಾಗ ಹೇಳಿದ ಮಾತು. "ನಿನ್ನ ಮೇಲೆ ಹೊಟ್ಟೆಕಿಚ್ಚು ಕಣೆ ನಂಗೆ. ಹುಟ್ಟಿದಾಗಿನಿಂದ" ಎಂದೆ. ಒಳಗೆ ಯಂತ್ರ ದಡ್ ದಡ್ ಎಂದು ಹೊಡೆಯುತ್ತಲೇ ಇತ್ತು.

ಅವಳು ಬೈಯುತ್ತಾಳೆಂದು ಕಾದೆ. ಬೈದರೆ ಹಗುರಾಗುತ್ತಿತ್ತು. ಅವಳು ಸೆರಗಿನ ಗಂಟು ಬಿಚ್ಚಿ, ಮೊದಲ ಹೊಡೆತದ ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟು, ಕುಳಿಯ ಮೇಲೆ ತನ್ನ ಕಿರುಬೆರಳ ತುದಿ ಮುಚ್ಚಿದಳು. "ಈಗ ನೋಡು" ಎಂದಳು.

ನೋಡಿದೆ. ವರ್ಷವಿಡೀ ಭೂತಗನ್ನಡಿಯಲ್ಲಿ ಅದರ ತಪ್ಪು ಹುಡುಕಿದ್ದೆ, ಮುಖವನ್ನು ನೋಡಿರಲಿಲ್ಲ. ಬಲಹುಬ್ಬಿನ ಮೇಲೆ ಚಿಕ್ಕಂದಿನಲ್ಲಿ ಬಾವಿಯ ಹಗ್ಗ ಬಡಿದು ಆದ ನನ್ನ ಗಾಯದ ಗುರುತಿತ್ತು. ಅವಳಿಗೆ ಆ ಗುರುತಿಲ್ಲ.

"ಗುರುಪಾದಪ್ಪ ಮಣ್ಣು ಕಲಸಲೇ ಇಲ್ಲ ಅಕ್ಕ. ಎಂಟು ದಿನದ ಕೆಲಸ ಹಾಳಾಗುತ್ತೆ ಅಂತ ನಿನ್ನ ಮುಖದ ಮೇಲೇ ನನ್ನ ಕುಳಿ, ಮೂಗು, ಕೂದಲು ಇಟ್ರು. ನಾನು ಕೂತಿದ್ದು ಒಂದೇ ಗಳಿಗೆ. ಮೊದಲ ದಿನವೇ ಗೊತ್ತಾಯ್ತು ನಂಗೆ. ಹೇಳಿದ್ರೆ ಊರಿಗೆಲ್ಲ ನಿನ್ನ ಹೆಸರಾಗುತ್ತೆ ಅಂತ ಸುಮ್ನಿದ್ದೆ. ನಿಂಗೆ ಟಂಕಸಾಲೆ ಇತ್ತು, ಎಲ್ರೂ ಕಾಸು ಹಿಡ್ಕೊಂಡು ನಿನ್ನ ಹತ್ರನೇ ಬರ್ತಿದ್ರು. ನನ್ನ ಹತ್ರ ಏನಿತ್ತು ಹೇಳು, ಒಂದು ಕುಳಿ ಬಿಟ್ರೆ?"

ಅಂದರೆ ನಾನು ಹನ್ನೆರಡು ಚೀಟಿ ಹಾಕಿ ಬೇಡಿದ್ದು ಸಿಕ್ಕಿತ್ತು. ಸಿಕ್ಕಿದ್ದನ್ನು ದಿನಾ ಬೆಳಿಗ್ಗೆ ಕುಳಿತು ನನ್ನ ಕೈಯಾರೆ ಸವೆಸಿದ್ದೆ. ನನಗೆ ಅವಳ ಕುಳಿ ಕಾಣುತ್ತಲೇ ಇದ್ದದ್ದು ಯಾಕೆಂದೂ ಈಗ ತಿಳಿಯಿತು. ನಾಣ್ಯದ ಮೇಲೆ ನಾನೂ ಇದ್ದೆ. ರಾಚಪ್ಪನಿಗೆ ತೆನೆ ಕಾಣದಿದ್ದುದೂ ಅದಕ್ಕೇ. ಸಂಜೆಯ ತನಕ ಇಬ್ಬರೂ ಆ ಕಟ್ಟೆಯ ಮೇಲೇ ಕುಳಿತೆವು. ಐದು ಗಂಟೆಗೆ ಯಂತ್ರ ನಿಂತಿತು. ಸುತ್ತಿಗೆಯ ಪೆಟ್ಟು ಮೂರು ಸಲ ಕೇಳಿತು. ಚೆಲುವಿ ನನ್ನ ಮೊಣಕೈ ಹಿಡಿದುಕೊಂಡಳು.

ಮನೆಗೆ ಹೋಗಲು ಬಸ್ಸು ಹತ್ತಿದೆವು. ಅದು ಮುದ್ದಯ್ಯನ ಬಸ್ಸು. ಅವನು ನೂಕುನುಗ್ಗಲಿನಲ್ಲಿ ನಮ್ಮ ಸೀಟಿನ ತನಕ ಬಂದು, ಹೆಂಡತಿಯ ಮುಖವನ್ನೇ ನೋಡುತ್ತ, "ಎಲ್ಲಿಗಮ್ಮ?" ಎಂದ. ಅವಳು ಕಿಟಕಿಯ ಕಡೆ ತಿರುಗಿದಳು. ನಾನೇ ಎರಡು ಟಿಕೇಟು ಕೇಳಿ ಹತ್ತರ ನೋಟು ಕೊಟ್ಟೆ. ಚಿಲ್ಲರೆಯಾಗಿ ಎರಡು ಹೊಸ ರೂಪಾಯಿ ಕೊಟ್ಟ. ಅಭ್ಯಾಸಬಲದಿಂದ ಬೆಳಕಿಗೆ ಹಿಡಿದೆ. ಥಳಥಳ ಹೊಳೆಯುತ್ತಿದ್ದವು. ನಡುವೆ ಮುಖವಿರಬೇಕಾದಲ್ಲಿ ಒಂದು ಉಬ್ಬು ಮಾತ್ರ ಇತ್ತು.

"ಇದು ಜೇಬಲ್ಲಿ ಸವೆದಿದ್ದಲ್ಲ ಕಂಡಕ್ಟರೇ" ಎಂದೆ. "ಅಚ್ಚೇ ಸವೆದಿದೆ."

ಅವನು ಬಗ್ಗಿ ನೋಡಿದ. ಸೀಟಿ ಬಾಯಿಗಿಟ್ಟುಕೊಳ್ಳುತ್ತ, "ನಡೆಯುತ್ತೆ ಬಿಡಿ ಅಮ್ಮ" ಎಂದು ಮುಂದಿನ ಸೀಟಿಗೆ ಹೋದ.